ಮಾಸ್ತರರ ಅಳತೆಯಲ್ಲಿ ನನ್ನ ಹೊಟ್ಟೆ

ನನ್ನ ಹೊಟ್ಟೆಯ ಬಗ್ಗೆ ಅಭಿಪ್ರಾಯ ಇಲ್ಲದವರು ನಮ್ಮ ಬೀದಿಯಲ್ಲಿ ಯಾರಾದರೂ ಉಳಿದಿದ್ದರೆ ಅವರು ಇನ್ನೂ ತೊಟ್ಟಿಲಲ್ಲಿರಬೇಕು. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದು ನಾನು ಹೇಳಿದ್ದು ಮನೆಯವರಿಗೆ ಮಾತ್ರ, ಅದೂ ಬೆಳಗಿನ ತಿಂಡಿಯ ಹೊತ್ತಿಗೆ. ಮಧ್ಯಾಹ್ನ ಬಾಗಿಲಿಗೆ ಬಂದು ನಿಂತೆ, ಎದುರಿನ ಇಸ್ತ್ರಿ ಅಂಗಡಿಯವನು ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಕೂಡ ಕೆಳಗಿಡದೆ ಕೂಗಿದ.

"ಅಕ್ಕಾ, ಬಲೂನ್ ಹಾಕಿಸ್ಕೊಳ್ಳಿ! ಕೊಯ್ಯೋದೂ ಇಲ್ಲ, ಹೊಲಿಯೋದೂ ಇಲ್ಲ. ಹೊಟ್ಟೆ ಒಳಗೆ ಒಂದು ಬಲೂನ್ ಬಿಟ್ಟು ಊದ್ತಾರೆ, ಹಸಿವೇ ಆಗಲ್ಲ. ನನ್ನ ಷಡ್ಡಕ ಹಾಕಿಸ್ಕೊಂಡಿದ್ದ."

"ಇಳಿದನಾ?"

"ಇಳಿದ ಇಳಿದ. ಚೆನ್ನಾಗಿ ಇಳಿದ. ಆರು ತಿಂಗಳಾದ್ಮೇಲೆ ಬಲೂನ್ ತೆಗೆದ್ರು, ಆಮೇಲೆ ಅವನೇ ಊದಿದ."

ಬಿದ್ದವರಿಗೆ ಆಳಿಗೊಂದು ಕಲ್ಲು ಅನ್ನುತ್ತಾರೆ. ನಾನು ಬಿದ್ದೂ ಇರಲಿಲ್ಲ, ಸುಮ್ಮನೆ ಬಾಗಿಲಲ್ಲಿ ನಿಂತಿದ್ದೆ.

ನಮ್ಮದು ಹೊಲಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮುಂಭಾಗದಲ್ಲಿ ನನ್ನ ಗಂಡ ಗಿರಾಕಿಗಳ ಅಳತೆ ತೆಗೆಯುತ್ತಾರೆ. ಪರದೆಯ ಈಚೆ ಉದ್ದನೆಯ ಮೇಜಿನ ಮುಂದೆ ನಿಂತು ನಾನು ಬಟ್ಟೆ ಕತ್ತರಿಸುತ್ತೇನೆ. ನನ್ನ ಹಿಂದೆ ನಾದಿನಿ ಮೆಷಿನ್ ಓಡಿಸುತ್ತಾಳೆ. ಮೂಲೆಯಲ್ಲಿ ಅತ್ತೆ ಕೂತು ಗುಂಡಿ ಹಚ್ಚುತ್ತಾರೆ, ಜೊತೆಗೆ ಎಲ್ಲರ ಮಾತಿಗೂ ಕಾಜಾ ಹಾಕುತ್ತಾರೆ. ಇಷ್ಟರಲ್ಲಿ ಕತ್ತರಿಸುವ ಕೆಲಸ ಒಂದೇ ಕೂತು ಮಾಡಲು ಬಾರದ್ದು. ಕೂತರೆ ಕತ್ತರಿ ಮಣಿಕಟ್ಟಿನಿಂದ ಓಡುತ್ತದೆ, ನಿಂತರೆ ಭುಜದಿಂದ ಓಡುತ್ತದೆ. ಕೋಟಿನ ತೋಳು ಸೇರುವ ತಿರುವು ಭುಜದಿಂದಲೇ ಬರಬೇಕು. ಆ ತಿರುವು ಈ ಬೀದಿಯಲ್ಲಿ ನನ್ನಷ್ಟು ಚೆನ್ನಾಗಿ ಯಾರ ಕೈಯಲ್ಲೂ ಬರುವುದಿಲ್ಲ. ಇದು ಜಂಬದ ಮಾತಲ್ಲ. ಜಂಬ ಅಂದರೂ ಬೇಜಾರಿಲ್ಲ.

ಆದರೆ ನನ್ನ ಮೊಣಕಾಲುಗಳಿಗೆ ನನ್ನನ್ನು ಹೊತ್ತು ಹೊತ್ತು ಸಾಕಾಗಿದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು ನೋವಿನ ಮಾತ್ರೆ ನುಂಗಿಯೇ ಮೇಜಿನ ಮುಂದೆ ನಿಲ್ಲುವುದು. ಇದು ಕಾಲಿನ ಕಥೆ. ಕಣ್ಣಿನದು ಇನ್ನೊಂದು. ಇನ್ಸುಲಿನ್ ಸೂಜಿ ಚುಚ್ಚಿಕೊಂಡರೂ ನನ್ನ ಸಕ್ಕರೆ ಇಳಿಯುವುದಿಲ್ಲ. ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿ, ಒಳಗೆ ಸಣ್ಣಗೆ ಸೋರಲು ಶುರುವಾಗಿದೆ, ಸಕ್ಕರೆ ಹೀಗೇ ಇದ್ದರೆ ನಾನು ಗ್ಯಾರಂಟಿ ಕೊಡುವುದಿಲ್ಲ ಅಂದಿದ್ದಾರೆ. ಕಪ್ಪು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಈಗಲೂ ಕಾಣುತ್ತದೆ. ಬೂದು ಬಟ್ಟೆಯಾದರೆ ಬೆರಳಿಟ್ಟು ತಡಕಾಡಬೇಕು.

ಕಣ್ಣು ಹೋದರೂ ಕತ್ತರಿ ಹೋಯಿತು, ಕಾಲು ಹೋದರೂ ಕತ್ತರಿ ಹೋಯಿತು. ಕತ್ತರಿ ಹೋದರೆ ನಾನು ಮೂಲೆಯಲ್ಲಿ ಅತ್ತೆಯ ಪಕ್ಕ ಕೂತು ಗುಂಡಿ ಹಚ್ಚಬೇಕು. ಅತ್ತೆಯ ಪಕ್ಕ, ದಿನವಿಡೀ. ಒಬ್ಬ ಹೆಂಗಸು ಆಪರೇಷನ್ನಿಗೆ ಒಪ್ಪಲು ಇದಕ್ಕಿಂತ ದೊಡ್ಡ ಕಾರಣ ಬೇಕೇ? ನಡೆದು ನೋಡಿದ್ದೆ, ಅರೆಹೊಟ್ಟೆ ಇದ್ದು ನೋಡಿದ್ದೆ, ಕಹಿ ಕಷಾಯ ಕುಡಿದೂ ನೋಡಿದ್ದೆ. ಕಷಾಯದಿಂದ ಇಳಿದದ್ದು ನನ್ನ ಮುಖ ಮಾತ್ರ.

ಹಾಗೆ ನಾವಿಬ್ಬರೂ ದೊಡ್ಡಾಸ್ಪತ್ರೆಯ ಡಾಕ್ಟರಮ್ಮನ ಮುಂದೆ ಹೋಗಿ ಕೂತೆವು. ಆಕೆ ಸಣ್ಣಗೆ, ಸೂಜಿಗೆ ದಾರ ಪೋಣಿಸುವ ಹೆಂಗಸಿನ ಹಾಗೆ ಕಣ್ಣು ಕಿರಿದು ಮಾಡಿ ನೋಡುವವರು. ಒಂದು ಹಾಳೆ ಎಳೆದುಕೊಂಡು ಸೋರೆಬುರುಡೆಯಂಥ ಚಿತ್ರ ಬರೆದರು.

"ಇದು ನಿಮ್ಮ ಹೊಟ್ಟೆಚೀಲ. ಸ್ಲೀವ್ ಅಂದ್ರೆ ಇದ್ರಲ್ಲಿ ಮುಕ್ಕಾಲು ಭಾಗ ಕತ್ತರಿಸಿ ತೆಗೆದುಬಿಡ್ತೀವಿ. ಬಾಳೆಹಣ್ಣಿನ ಥರ ಒಂದು ಸಪೂರ ಕೊಳವೆ ಉಳಿಯುತ್ತೆ. ಬೈಪಾಸ್ ಅಂದ್ರೆ ಮೇಲ್ಗಡೆ ಮೊಟ್ಟೆಯಷ್ಟು ಚೀಲ ಬೇರೆ ಮಾಡಿ, ಕೆಳಗಿಂದ ಕರುಳು ಎಳ್ಕೊಂಡು ಬಂದು ಅದಕ್ಕೆ ಜೋಡಿಸ್ತೀವಿ. ಊಟ ದೊಡ್ಡ ಚೀಲಕ್ಕೆ ಹೋಗದೆ ಅಡ್ಡದಾರೀಲಿ ಹೋಗುತ್ತೆ. ಇನ್ನೊಂದು ಬ್ಯಾಂಡ್. ಚೀಲದ ಕುತ್ತಿಗೆಗೆ ಒಂದು ಪಟ್ಟಿ ಕಟ್ಟೋದು. ಬೇಕಾದ್ರೆ ಬಿಗಿ ಮಾಡಬಹುದು, ಬೇಕಾದ್ರೆ ಸಡಿಲ. ಆದ್ರೆ ಈಗೀಗ ನಾವು ಬ್ಯಾಂಡ್ ಹಾಕೋದಕ್ಕಿಂತ, ಹಾಕಿದ್ದನ್ನ ತೆಗೆಯೋದೇ ಜಾಸ್ತಿ."

ಸಡಿಲ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಗಂಡನ ಮುಖ ಅರಳಿತು. ಮುಂದಿನ ಮಾತು ಅವರಿಗೆ ಕೇಳಿಸಲೇ ಇಲ್ಲ.

"ನನಗೆ ಯಾವುದು ಆಗುತ್ತೆ, ಹೇಳಿಬಿಡಿ" ಅಂದೆ.

"ಪರೀಕ್ಷೆಗಳೆಲ್ಲ ಆಗ್ಲಿ, ಸಲಹೆ ಕೊಡ್ತೀನಿ. ಆದ್ರೆ ಕೊನೇ ನಿರ್ಧಾರ ನಿಮ್ಮದೇ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಗಿರಾಕಿಯೊಬ್ಬ ಬಂದು ನನ್ನ ಕುತ್ತಿಗೆಗೆ ಯಾವ ಕಾಲರ್ ಒಪ್ಪುತ್ತೆ ಎಂದು ಕೇಳಿದಾಗ, ಕೊನೆಯ ನಿರ್ಧಾರ ನಿಮ್ಮದೇ ಎಂದು ನಾನು ಹೇಳಿದರೆ ನಮ್ಮ ಅಂಗಡಿಗೆ ಬೀಗ ಬೀಳುತ್ತದೆ. ಸಿಟ್ಟು ನುಂಗಿಕೊಂಡು ಪರೀಕ್ಷೆಗೆ ಎದ್ದೆ. ರಕ್ತ ತೆಗೆದರು, ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಬಳಿದು ನೋಡಿದರು, ಕೊನೆಗೆ ಬಾಯಿಂದ ಒಂದು ಟ್ಯೂಬು ಇಳಿಸಿದರು. ನಾನು ಒಳಗೆ ಹಾಗೆ ಮಲಗಿದ್ದಾಗ, ಡಾಕ್ಟರಮ್ಮ ತಮ್ಮ ಕೋಣೆಯಲ್ಲಿ ನನ್ನ ಗಂಡನನ್ನು ಕೂರಿಸಿಕೊಂಡು ನನ್ನ ಊಟ, ನಿದ್ದೆ, ನೋವು, ಮಾತ್ರೆ ಎಲ್ಲವನ್ನೂ ಕೇಳಿ ಬರೆದುಕೊಂಡರಂತೆ.

"ಎಲ್ಲಾ ಹೇಳಿದೀನಿ, ನೀನು ತಲೆ ಕೆಡಿಸ್ಕೋಬೇಡ" ಅಂದರು ಇವರು, ಬಸ್ಸಿನಲ್ಲಿ. ಗಂಟಲು ಉರಿಯುತ್ತಿತ್ತು, ಮಾತಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸದ್ಯ ಒಂದು ಕೆಲಸವಾದರೂ ತಾವೇ ಮುಗಿಸಿದರಲ್ಲ ಎಂದು ಸುಮ್ಮನಾದೆ.

ಇಲ್ಲಿ ನನ್ನ ಗಂಡನ ಬಗ್ಗೆ ಸ್ವಲ್ಪ ಹೇಳಬೇಕು. ಊರಿಗೆಲ್ಲ ಅವರು ಮಾಸ್ತರು. ಸಿಟ್ಟು ಬಂದಾಗ ನನಗೂ ಮಾಸ್ತರೇ. ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ ಅಳತೆಯನ್ನು ಗಟ್ಟಿಯಾಗಿ ಕೂಗುತ್ತಾರೆ, ಪರದೆಯ ಈಚೆ ನಾನು ಗುರುತು ಹಾಕಿಕೊಳ್ಳುತ್ತೇನೆ. ಆದರೆ ಅವರು ಕೂಗುವ ಅಳತೆ ನಿಜದ ಅಳತೆಯಲ್ಲ. ಇದು ನಮ್ಮ ಮಾವ ಇದ್ದಾಗಿನಿಂದ ಬಂದ ಪದ್ಧತಿ. ಅಂಗಡಿಯ ಬೆಂಚಿನ ಮೇಲೆ ಯಾವಾಗಲೂ ಜನ ಕೂತಿರುತ್ತಾರೆ. ಅವರೆಲ್ಲರ ಎದುರಿಗೆ ಒಬ್ಬರ ಸೊಂಟ ನಲವತ್ತನಾಲ್ಕು ಅಂತ ಕೂಗಿದರೆ ಆ ಮನುಷ್ಯ ಇನ್ನೊಮ್ಮೆ ನಮ್ಮ ಮೆಟ್ಟಿಲು ಹತ್ತುತ್ತಾನೆಯೇ? ಅದಕ್ಕೇ ಮಾವ ಒಂದು ಉಪಾಯ ಮಾಡಿದ್ದರು. ಅಳತೆಯನ್ನು ಕಡಿಮೆ ಕೂಗುವುದು, ಕೂಗಿದ ಮೇಲೆ ಮರದ ಸ್ಕೇಲಿನಿಂದ ಮೇಜು ತಟ್ಟುವುದು. ಒಂದು ತಟ್ಟಿಗೆ ಎರಡಿಂಚು ಸೇರಿಸಿಕೊಳ್ಳಬೇಕು. "ಸೊಂಟ ಮೂವತ್ತೆಂಟು!" ಎಂದು ಮಾಸ್ತರು ಕೂಗುತ್ತಾರೆ. ಟಕ್, ಟಕ್, ಟಕ್. ನಾನು ನಲವತ್ತನಾಲ್ಕು ಎಂದು ಗುರುತು ಹಾಕುತ್ತೇನೆ. ಗಿರಾಕಿ ಬೆಂಚಿನ ಕಡೆ ಒಮ್ಮೆ ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡು ಹೋಗುತ್ತಾನೆ.

ಅಂಗಡಿಗೆ ಇದು ಒಳ್ಳೆಯದೇ. ಕಷ್ಟ ಏನೆಂದರೆ, ಹುಟ್ಟಿದಾಗಿನಿಂದ ಈ ತಟ್ಟು ಕೇಳಿ ಬೆಳೆದ ಮನುಷ್ಯನ ಬಾಯಲ್ಲಿ ಯಾವ ಲೆಕ್ಕವೂ ಪೂರ್ತಿ ಬರುವುದಿಲ್ಲ. "ಐದು ನಿಮಿಷದಲ್ಲಿ ಬಂದೆ" ಎಂದು ಹೊರಡುವಾಗ ಬಾಗಿಲಿಗೆ ಬೆರಳಲ್ಲಿ ಟಕ್ ಅನ್ನಿಸುತ್ತಾರೆ. ಅಂದರೆ ಅರ್ಧ ಗಂಟೆ. ಅತ್ತೆಗೆ ಜ್ವರ ಬಂದಾಗ "ಸ್ವಲ್ಪ ಮೈ ಬೆಚ್ಚಗಿದೆ" ಎಂದು ಮಂಚಕ್ಕೆ ನಾಲ್ಕು ಸಲ ತಟ್ಟಿದ್ದರು. ಅವತ್ತು ಡಾಕ್ಟರನ್ನು ಮನೆಗೇ ಕರೆಸಬೇಕಾಯಿತು. ನಮಗೆ ರೂಢಿಯಾಗಿದೆ, ಬಾಯಿಗಿಂತ ಬೆರಳಿನ ಕಡೆಗೇ ನಮ್ಮ ಗಮನ.

ಪರೀಕ್ಷೆಯ ಫಲಿತಾಂಶ ಬರುವವರೆಗೆ ಮನೆಯಲ್ಲಿ ನನ್ನ ಹೊಟ್ಟೆಯದೇ ಪಂಚಾಯಿತಿ. ಅತ್ತೆ ಯಾವ ಆಪರೇಷನ್ನೂ ಬೇಡ ಎಂಬ ಪಕ್ಷ.

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಹಿರಿಯರು ಸುಮ್ನೆ ಹೇಳಿದಾರಾ? ಬಾಯಿ ಕಟ್ಟಿದ್ರೆ ಎಲ್ಲಾ ಸರಿ ಹೋಗುತ್ತೆ" ಅನ್ನುತ್ತಲೇ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.

"ಅತ್ತೆ, ಸಾಕು."

"ತಿನ್ನು ತಿನ್ನು. ಆಪರೇಷನ್ ಆದ್ಮೇಲೆ ಎಲ್ಲಿ ತಿಂತೀಯ, ಪಾಪ."

ಬಾಯಿ ಕಟ್ಟು ಅನ್ನುವವರೂ ಅವರೇ, ತಿನ್ನು ಅನ್ನುವವರೂ ಅವರೇ. ಇವರ ಮಾತು ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿಯಿತು. ಬಡಿಸಿದ್ದನ್ನು ತಿಂದೆ, ಸುಳ್ಳು ಯಾಕೆ ಹೇಳಲಿ.

ನಾದಿನಿ ಸ್ಲೀವ್ ಪಕ್ಷ. ಅವಳು ಫೋನಿನಲ್ಲಿ ಯಾರು ಯಾರದೋ ವಿಡಿಯೋ ನೋಡಿ ಅರ್ಧ ಡಾಕ್ಟರ್ ಆಗಿದ್ದಳು. ಮೆಷಿನ್ ನಿಲ್ಲಿಸಿ ಎದ್ದು ಬಂದು ಫೋನನ್ನು ನನ್ನ ಮೂಗಿನ ತುದಿಗೆ ಹಿಡಿಯುತ್ತಿದ್ದಳು.

"ಅತ್ತಿಗೆ, ಇಲ್ನೋಡಿ. ಸ್ಲೀವ್ ಆದ್ಮೇಲೆ ಇವಳು ಹೇಗಾಗಿದಾಳೆ ನೋಡಿ."

"ಚೆನ್ನಾಗಿದಾಳೆ. ನಗುನಗ್ತಾ ಇದಾಳೆ."

"ಅಯ್ಯೋ, ಅದು ಮೊದಲಿನ ಫೋಟೋ. ಆದ್ಮೇಲಿಂದು ಈ ಕಡೆ."

ಈ ಕಡೆಯವಳು ಸಪೂರವಾಗಿದ್ದಳು, ಆದರೆ ಯಾರ ಮೇಲೋ ಕೋಪ ಮಾಡಿಕೊಂಡವಳ ಹಾಗಿದ್ದಳು. ಅವಳ ಅತ್ತೆಯ ಮೇಲಿರಬೇಕು ಅಂದುಕೊಂಡೆ.

ಮಾಸ್ತರು ಬ್ಯಾಂಡ್ ಪಕ್ಷ, ಅದೂ ಎಂಥ ಹಟ! ಕತ್ತರಿಸುವ ಮೇಜಿನ ಮೇಲೆ, ನಾನು ಬಟ್ಟೆ ಹಾಸುವ ಜಾಗದಲ್ಲೇ, ಸೀಮೆಸುಣ್ಣದಲ್ಲಿ ನನ್ನ ಹೊಟ್ಟೆಯ ಚಿತ್ರ ಬರೆದರು. ಒಳ್ಳೆಯ ದಿಂಬಿನಂತಿತ್ತು.

"ನೋಡು, ಕತ್ತರಿ ಆಡಿಸಿದ್ರೆ ಮುಗೀತು, ಮತ್ತೆ ಕೂಡಿಸೋಕಾಗುತ್ತಾ? ಪಟ್ಟಿ ಆದ್ರೆ ಹಿಡಿಸಿಲ್ಲ ಅಂದ್ರೆ ಬಿಚ್ಚಬಹುದು. ನಮ್ಮಪ್ಪ ಏನ್ ಹೇಳ್ತಿದ್ರು? ಹೊಲಿಗೆ ತಪ್ಪಿದ್ರೆ ಬಿಚ್ಚು, ಕತ್ತರಿ ತಪ್ಪಿದ್ರೆ ಅಳು."

"ರೀ, ಡಾಕ್ಟರಮ್ಮನೇ ಹೇಳಿದಾರಲ್ಲ, ಅದನ್ನ ಹಾಕೋದಕ್ಕಿಂತ ತೆಗೆಯೋದೇ ಜಾಸ್ತಿ ಅಂತ."

"ತೆಗೀಬಹುದಲ್ಲ! ಅದನ್ನೇ ನಾನೂ ಹೇಳ್ತಿರೋದು."

ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಸುಮ್ಮನಿರುತ್ತಿತ್ತು. ಇವರು ಮಾವನ ಮಾತು, ಮಾವನ ಕತ್ತರಿ, ಮಾವ ಒಮ್ಮೆ ತಪ್ಪಾಗಿ ಕತ್ತರಿಸಿ ಮೂರು ಹೊತ್ತು ಊಟ ಬಿಟ್ಟದ್ದು, ಎಲ್ಲವನ್ನೂ ಎಳೆದು ತಂದರು. ಕತ್ತರಿ ಹಿಡಿಯುವವಳು ನಾನು. ಬಟ್ಟೆಗೆ ಕತ್ತರಿ ಹಾಕದೆ ಇಷ್ಟು ವರ್ಷದಲ್ಲಿ ಒಂದು ಅಂಗಿಯಾದರೂ ಆಗಿದೆಯೇ ಈ ಮನೆಯಲ್ಲಿ? ಆ ಮಾತನ್ನು ಹೇಳಿದೆ ಕೂಡ. ಅದಕ್ಕವರು ನನ್ನ ಮುಖ ನೋಡಿ, "ಬಟ್ಟೆ ಬೇರೆ ತರಬಹುದು" ಅಂದು ಎದ್ದು ಹೋದರು. ಎದ್ದು ಹೋಗುವ ಮನುಷ್ಯನ ಜೊತೆ ಜಗಳ ಆಡುವುದು ಹೇಗೆ? ಒದ್ದೆ ಬಟ್ಟೆ ತೆಗೆದುಕೊಂಡು ಆ ಚಿತ್ರವನ್ನು ತಿಕ್ಕಿ ತಿಕ್ಕಿ ಒರೆಸಿದೆ.

ಇಷ್ಟು ಜನರಲ್ಲಿ ಒಬ್ಬರಾದರೂ ನಿನಗೆ ಯಾವುದು ಬೇಕು ಎಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿರಲಿಲ್ಲ, ಅದು ಬೇರೆ ಮಾತು. ಆದರೂ ಕೇಳಬೇಕಿತ್ತು.

ಫಲಿತಾಂಶ ಬಂದ ಮೇಲೆ ಮತ್ತೆ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮನ ಕೋಣೆಯ ಬಾಗಿಲು ಅರ್ಧ ತೆರೆದೇ ಇರುತ್ತದೆ. ಆಚೆ ಬೆಂಚಿನ ಮೇಲೆ ಸರದಿಗೆ ಕಾದವರು, ಕೈಯಲ್ಲಿ ಚೀಟಿ, ಕಿವಿ ಒಳಗೆ. ಡಾಕ್ಟರಮ್ಮ ಈ ಸಲ ಹೆಚ್ಚು ಸುತ್ತು ಹಾಕಲಿಲ್ಲ.

"ನಿಮಗೆ ಬೈಪಾಸ್ ಒಳ್ಳೇದು ಅಂತ ನನ್ನ ಸಲಹೆ. ನಿಮ್ಮ ಸಕ್ಕರೆಗೆ ಅದೇ ಹೆಚ್ಚು ಕೆಲಸ ಮಾಡುತ್ತೆ. ಮತ್ತೆ ಅನ್ನನಾಳದ ಕೆಳಗಡೆ ಕೆಂಪಗಾಗಿದೆ, ಹುಳಿ ಮೇಲಕ್ಕೆ ಬರ್ತಿದೆ. ಸ್ಲೀವ್ ಮಾಡಿದ್ರೆ ಅದು ಇನ್ನೂ ಹೆಚ್ಚಾಗಬಹುದು, ಬೈಪಾಸಲ್ಲಿ ಕಡಿಮೆ ಆಗುತ್ತೆ. ಜೀವನ ಪೂರ್ತಿ ವಿಟಮಿನ್ ಮಾತ್ರೆ ತಗೋಬೇಕು, ಸಿಹಿ ಜಾಸ್ತಿ ತಿಂದ್ರೆ ತಲೆ ಸುತ್ತಿ ಬೆವರುತ್ತೆ. ಅಷ್ಟಕ್ಕೆ ತಯಾರಿದ್ರೆ ಸಾಕು."

ಕೊನೆಗೂ ಒಬ್ಬರು ನೇರವಾಗಿ ಮಾತಾಡಿದರಲ್ಲ ಎಂದು ನನಗೆ ಎಷ್ಟೋ ಹಗುರವಾಯಿತು. ಆಗಲಿ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು.

"ನಿಮ್ಮ ಅದೃಷ್ಟ, ಮೊಣಕಾಲು ನೋವಿನ ಮಾತ್ರೆ ಅಪರೂಪಕ್ಕೆ ಒಂದು ತಗೋತೀರಂತೆ. ದಿನಾ ನುಂಗೋರಾಗಿದ್ರೆ ಬೈಪಾಸ್ ಅನ್ನೋಕೆ ಹಿಂದೆಮುಂದೆ ನೋಡ್ತಿದ್ದೆ. ಜೋಡಿಸಿದ ಜಾಗದಲ್ಲಿ ಹುಣ್ಣಾಗಿ ಒಡೆದ್ರೆ ಜೀವಕ್ಕೇ ಅಪಾಯ."

"ಯಾರು ಅಪರೂಪಕ್ಕೆ ತಗೋಳೋದು?"

"ನೀವೇ. ನಿಮ್ಮ ಯಜಮಾನರು ಹೇಳಿದ್ರಲ್ಲ. ಎದೆ ಉರಿನೂ ಅಪರೂಪಕ್ಕೆ ಅಂದಿದ್ರು. ಆದ್ರೆ ಟ್ಯೂಬ್ ಹಾಕಿ ನೋಡಿದ್ರೆ ಬೇರೆನೇ ಇದೆ, ಅದೇ ನನಗೂ ಅರ್ಥ ಆಗ್ಲಿಲ್ಲ."

ನಾನು ತಿರುಗಿ ನೋಡಿದೆ. ಮಾಸ್ತರು ಫ್ಯಾನಿನ ರೆಕ್ಕೆ ಎಣಿಸುತ್ತಿದ್ದರು.

"ರೀ. ಏನ್ ಹೇಳಿದ್ರಿ ಇವರಿಗೆ?"

"ಅಪರೂಪಕ್ಕೆ ಒಂದು ಅಂದೆ." ಆಮೇಲೆ ಸಣ್ಣ ದನಿಯಲ್ಲಿ, "ಆದ್ರೆ ತಟ್ಟಿದ್ನಲ್ಲ."

"ಏನು?"

"ಮೇಜು ತಟ್ಟಿದೆ ಕಣೇ. ಚೆನ್ನಾಗೇ ತಟ್ಟಿದೆ. ಎದೆ ಉರಿಗೂ ತಟ್ಟಿದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಓ, ಅದಾ? ಪಾಪ ಇವರಿಗೆ ಗಾಬರಿ ಆಗಿದೆ, ಕೈ ನಡುಗ್ತಿದೆ ಅನ್ಕೊಂಡೆ ನಾನು. ನೀರು ತರಿಸಿಕೊಟ್ಟೆ."

"ಕುಡಿದೆ" ಅಂದರು ಮಾಸ್ತರು.

ನನಗೆ ಬಂದ ಸಿಟ್ಟಿಗೆ ಆ ಕೋಣೆ ಸಾಲದಾಯಿತು. ನಮ್ಮ ಅಂಗಡಿಯ ಕಥೆಯನ್ನು ಡಾಕ್ಟರಮ್ಮನಿಗೆ ಹೇಗೆ ವಿವರಿಸಿದೆನೋ ನೆನಪಿಲ್ಲ. ಸೊಂಟದ ಅಳತೆ, ಮಾವ, ಸ್ಕೇಲು ಎಂದೆಲ್ಲ ಹೇಳುವಾಗ ಬೆಂಚಿನ ಮೇಲಿದ್ದವರ ಕತ್ತುಗಳು ಬಾಗಿಲ ಸಂದಿಗೆ ಬಂದಿದ್ದವು. ಇನ್ನು ಸ್ವಲ್ಪದರಲ್ಲಿ ನಾನು ಹೂಂ ಅಂದುಬಿಡುತ್ತಿದ್ದೆ. ಆಪರೇಷನ್ ಮುಗಿಸಿ ಮನೆಗೆ ಬಂದು, ಮೊದಲಿನ ಹಾಗೆಯೇ ಹೊತ್ತಿಗೊಂದು ಮಾತ್ರೆ ನುಂಗಿ ಮೇಜಿನ ಮುಂದೆ ನಿಲ್ಲುತ್ತಿದ್ದೆ.

"ಹೊಟ್ಟೆಯೊಳಗೆ ಹುಣ್ಣು ಒಡೆದು ನಾನು ಬಿದ್ದಿದ್ರೆ ಆಗ ಎಲ್ಲಿಗೆ ಹೋಗಿ ತಟ್ತಿದ್ರಿ? ಇವರು ಡಾಕ್ಟ್ರು ರೀ! ಪರದೆ ಹಿಂದೆ ನಿಂತಿರೋ ನಾನಲ್ಲ!"

"ಬಾಗಿಲು ತೆಗೆದಿತ್ತು" ಅಂದರು ಅವರು. "ಆಚೆ ಅಷ್ಟು ಜನ ಕೂತಿದ್ರು. ನನ್ನ ಹೆಂಡ್ತಿ ದಿನಕ್ಕೆ ಮೂರು ಮಾತ್ರೆ ನುಂಗಿ ನಿಲ್ತಾಳೆ ಅಂತ ಅವರೆಲ್ಲರ ಎದುರಿಗೆ ಹೆಂಗೆ ಹೇಳ್ಲಿ?"

ಈ ಮನುಷ್ಯನಿಗೆ ಏನು ಹೇಳುವುದು?

ಡಾಕ್ಟರಮ್ಮ ಹಿಂದೆ ಬರೆದುಕೊಂಡಿದ್ದಕ್ಕೆ ಉದ್ದಕ್ಕೂ ಗೆರೆ ಎಳೆದು ಹೊಸ ಹಾಳೆ ತೆಗೆದರು. "ಈಗ ಮೊದಲಿಂದ. ಸರಿಯಾಗಿ ಕೇಳಿಸ್ಕೊಳ್ಳಿ. ಬೈಪಾಸ್ ಬೇಕು ಅಂದ್ರೆ ಈ ಮಾತ್ರೆ ಇವತ್ತಿಂದಲೇ ಬಂದ್. ಆಪರೇಷನ್ ಆಗೋವರೆಗೆ ಅಲ್ಲ, ಬದುಕಿರೋವರೆಗೆ. ಬೇರೆ ಮಾತ್ರೆ ಕೊಡ್ತೀನಿ, ಅದಕ್ಕೆ ಇಷ್ಟು ಜೋರಿಲ್ಲ. ತೂಕ ಇಳಿದಂಗೆ ಮೊಣಕಾಲಿನ ಮೇಲಿನ ಭಾರನೂ ಇಳಿಯುತ್ತೆ, ಆದ್ರೆ ಅಲ್ಲೀವರೆಗೆ ನೀವು ನೋವು ತಡ್ಕೋಬೇಕು. ಸ್ಲೀವ್ ಆದ್ರೆ ಮಾತ್ರೆ ವಿಷಯದಲ್ಲಿ ಇಷ್ಟು ಬಿಗಿ ಇಲ್ಲ, ಹುಷಾರಾಗಿ ಆಗೊಮ್ಮೆ ಈಗೊಮ್ಮೆ ತಗೋಬಹುದು. ಆದ್ರೆ ಎದೆ ಉರಿ ಹೆಚ್ಚಾಗಿ ಮತ್ತೆ ಇನ್ನೊಂದು ಆಪರೇಷನ್‌ಗೆ ಬರಬೇಕಾಗಬಹುದು. ಸಕ್ಕರೆನೂ ಬೈಪಾಸಿನಷ್ಟು ಇಳಿಯದೇ ಇರಬಹುದು."

"ಬ್ಯಾಂಡ್?" ಅಂದರು ಮಾಸ್ತರು.

"ಬೇಡ!" ಅಂದೆವು ನಾವಿಬ್ಬರೂ ಹೆಂಗಸರು ಒಟ್ಟಿಗೆ.

"ಕೊನೇ ನಿರ್ಧಾರ ನಿಮ್ಮದೇ" ಅಂದರು ಡಾಕ್ಟರಮ್ಮ ನನ್ನ ಕಡೆ ತಿರುಗಿ. ಈ ಸಲ ಆ ಮಾತಿಗೆ ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. ಅಂದರೆ ಕಣ್ಣು ಬೇಕೋ ಕಾಲು ಬೇಕೋ ಆರಿಸಿಕೋ ಅಂದ ಹಾಗೆ. ಆ ಮಾತ್ರೆ ಇಲ್ಲದೆ ಒಂದು ದಿನ ಕಳೆದು ನೋಡಿದ್ದೆ. ಒಂದು ಅಂಗಿ ಕತ್ತರಿಸುವುದರೊಳಗೆ ಮೇಜಿನ ಅಂಚಿಗೆ ಜೋತು ಬಿದ್ದಿದ್ದೆ.

"ನೋವು ಎಷ್ಟು ಅಂತ ನನಗೆ ಸರಿಯಾಗಿ ಗೊತ್ತಾಗ್ಬೇಕು" ಅಂದರು ಡಾಕ್ಟರಮ್ಮ. "ಸಂಜೆ ಅಂಗಡಿ ಮುಚ್ಚೋ ಹೊತ್ತಿಗೆ ಹತ್ತಕ್ಕೆ ಎಷ್ಟಿರುತ್ತೆ? ಹತ್ತು ಅಂದ್ರೆ ತಡೆಯೋಕೇ ಆಗದಷ್ಟು."

ಬಾಗಿಲ ಸಂದಿಯಲ್ಲಿ ಅಷ್ಟೂ ಕತ್ತುಗಳು ಹಾಗೇ ಇದ್ದವು. ಗಂಡನ ಮರ್ಯಾದೆ ಈಗಾಗಲೇ ಹೋಗಿತ್ತು, ನನ್ನದು ಸ್ವಲ್ಪ ಉಳಿದಿತ್ತು.

"ಐದು" ಅಂದೆ.

ನನ್ನ ತೋರುಬೆರಳು ಮೇಜಿನ ಅಂಚನ್ನು ಟಕ್ ಟಕ್ ಎಂದು ತಟ್ಟಿತು. ಅದು ತಟ್ಟಿದ್ದು ನನಗೇ ಗೊತ್ತಾಗಲಿಲ್ಲ. ಮಾಸ್ತರರಿಗೆ ಗೊತ್ತಾಯಿತು. ಅವರು ಎದ್ದು ನಿಂತರು. ಅಂಗಡಿಯಲ್ಲಿ ಅಳತೆ ಕೂಗುವಾಗಿನ ದನಿ, ಆದರೆ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

"ಒಂಬತ್ತು, ಡಾಕ್ಟ್ರೇ. ಐದಲ್ಲ, ಒಂಬತ್ತು ಬರ್ಕೊಳ್ಳಿ. ಸಂಜೆ ಹೊತ್ತು ಕತ್ತರಿ ಕೆಳಗೆ ಬಿದ್ರೆ ಇವಳು ಬಗ್ಗಲ್ಲ. ಕಾಲಲ್ಲಿ ತಳ್ಳಿ ತಳ್ಳಿ ಗೋಡೆ ಹತ್ರ ತಗೊಂಡು ಹೋಗಿ, ಗೋಡೆ ಹಿಡ್ಕೊಂಡು ಎತ್ಕೋತಾಳೆ. ಯಾರೂ ನೋಡಿಲ್ಲ ಅನ್ಕೊಂಡಿದಾಳೆ. ಕೂತಿದ್ರೆ, ನನ್ನ ತಂಗಿ ಮೆಷಿನ್ ಜೋರಾಗಿ ಓಡಿಸೋವರೆಗೆ ಕಾಯ್ತಾಳೆ, ಆ ಸದ್ದಲ್ಲಿ ಎದ್ದು ನಿಲ್ತಾಳೆ. ಮೊಣಕಾಲು ಲಟಕ್ ಅನ್ನೋದು ನಮಗೆ ಕೇಳಿಸ್ಬಾರ್ದು ಅಂತ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕತ್ತರಿಯ ವಿಷಯ, ಮೆಷಿನ್ನಿನ ವಿಷಯ, ಇದೆಲ್ಲ ನನ್ನ ಸ್ವಂತದ್ದು ಅಂದುಕೊಂಡಿದ್ದೆ. ಪರದೆಯ ಆಚೆ ನಿಂತು, ಗಿರಾಕಿಗಳ ಸೊಂಟ ಸುತ್ತುತ್ತಾ, ಈ ಮನುಷ್ಯ ಇದನ್ನೆಲ್ಲ ಯಾವಾಗ ನೋಡಿದರು? ನೋಡಿದ್ದರೆ ಯಾಕೆ ಒಂದು ಮಾತು ಕೇಳಲಿಲ್ಲ? ಅಳು ಬಂತು. ಸಿಟ್ಟಿನಿಂದ ಬಂತೋ, ಪ್ರೀತಿಯಿಂದ ಬಂತೋ, ಎರಡೂ ಇತ್ತು. ಸೆರಗಿನ ತುದಿಯಲ್ಲಿ ಮೂಗು ಒರೆಸಿಕೊಂಡೆ.

ಡಾಕ್ಟರಮ್ಮ ಒಂಬತ್ತು ಎಂದು ಬರೆದುಕೊಂಡರು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ಅದನ್ನು ಅವರು ಮೊದಲೇ ಮಾಡಬಹುದಿತ್ತು.

"ಒಂಬತ್ತು ಅಂದ್ರೆ ಸುಲಭ ಅಲ್ಲ" ಅಂದರು. "ಮಾತ್ರೆ ಬಿಟ್ರೆ ಮೊದಲು ಕೆಲವು ತಿಂಗಳು ನೀವು ನಿಂತು ಕೆಲಸ ಮಾಡೋಕಾಗಲ್ಲ. ಅದನ್ನ ಯೋಚನೆ ಮಾಡಿ ಹೇಳಿ. ಮನೆಗೆ ಹೋಗಿ ಎಲ್ಲರ ಜೊತೆ ಮಾತಾಡ್ಕೊಂಡು ಬನ್ನಿ ಬೇಕಾದ್ರೆ."

"ಮನೆಗೆ ಹೋದ್ರೆ ಮುಗೀತು" ಅಂದೆ. "ಇಲ್ಲೇ ಹೇಳ್ತೀನಿ. ಬೈಪಾಸೇ ಮಾಡಿ."

"ಕಾಲು?" ಅಂದರು ಮಾಸ್ತರು.

"ಕಾಲಿಗೆ ಕುರ್ಚಿ ಇದೆ. ಕಣ್ಣಿಗೆ ಏನಿದೆ?"

ಅಂದರೆ ನಾನೇ ನನ್ನ ಕೈಯಾರೆ ಕತ್ತರಿ ಕೆಳಗಿಟ್ಟೆ. ಎಷ್ಟು ತಿಂಗಳೋ ಗೊತ್ತಿಲ್ಲ. ತಿರುಗಿ ಆ ಮೇಜಿನ ಮುಂದೆ ನಿಲ್ಲುತ್ತೇನೆಯೇ ಎಂಬುದೂ ಗೊತ್ತಿಲ್ಲ, ಡಾಕ್ಟರಮ್ಮ ಅದಕ್ಕೆ ಗ್ಯಾರಂಟಿ ಕೊಟ್ಟಿರಲಿಲ್ಲ. ಅಲ್ಲಿಯವರೆಗೆ ಮೂಲೆ, ಗುಂಡಿ, ಅತ್ತೆ.

"ಕತ್ತರಿಸೋದು ನಾನು ನೋಡ್ಕೋತೀನಿ" ಅಂದರು ಮಾಸ್ತರು.

"ನೀವಾ? ನೀವು ಕೋಟು ಕತ್ತರಿಸಿದ್ರೆ ಅದು ತರಕಾರಿ ಚೀಲ ಆಗುತ್ತೆ."

"ಆಗ್ಲಿ. ನೀನು ಪಕ್ಕದಲ್ಲಿ ಕೂತು ಬೈ. ಹೆಂಗೂ ಬೈತೀಯ."

ಡಾಕ್ಟರಮ್ಮ ಕೈ ಚಾಚಿದರು. "ಈಗ ನುಂಗ್ತಿರೋ ಮಾತ್ರೆ ಹತ್ರ ಇದ್ರೆ ಇಲ್ಲೇ ಇಟ್ಟು ಹೋಗಿ. ಮನೆಗೆ ತಗೊಂಡು ಹೋದ್ರೆ ಆಸೆ ಆಗುತ್ತೆ."

ನನ್ನ ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟೆ. ಅದರ ಪಕ್ಕದಲ್ಲಿ ಇನ್ನೊಂದು ಪಟ್ಟಿ ಬಂದು ಬಿತ್ತು. ಮಾಸ್ತರು ಅಂಗಿಯ ಜೇಬಿಗೆ ಕೈ ಹಾಕಿ ಟೇಪಿನ ಜೊತೆ ಸುತ್ತಿಕೊಂಡಿದ್ದ ಮತ್ತೊಂದನ್ನು ಬಿಡಿಸುತ್ತಿದ್ದರು. ಪ್ಯಾಂಟಿನ ಜೇಬಿನಿಂದ ಇನ್ನೂ ಒಂದು ಬಂತು. ಅದರ ಅಂಚುಗಳು ಸವೆದು, ಮೇಲಿನ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು.

"ಇವು ಯಾಕೆ ನಿಮ್ಮ ಹತ್ರ ಇವೆ?"

"ಎಲ್ಲಾದ್ರೂ ನಿನ್ನದು ಮುಗಿದುಹೋದ್ರೆ ಅಂತ."

ಖಾಲಿಯಾದ ಜೇಬುಗಳನ್ನು ಒಮ್ಮೆ ತಡವಿಕೊಂಡರು. ಆಮೇಲೆ ನನ್ನನ್ನು ಕೇಳಿದರು, ಏನೂ ತೋಚದವರ ಹಾಗೆ, "ಇನ್ನು ನಾನು ಏನ್ ಇಟ್ಕೊಳ್ಲಿ?"

"ಏನೂ ಬೇಡ" ಅಂದೆ. "ಕೈ ಕೊಡಿ, ಏಳ್ಬೇಕು."

ಕೊಟ್ಟರು. ಎಷ್ಟೋ ವರ್ಷಗಳಿಂದ ಕುರ್ಚಿ ಹಿಡಿದು, ಮೇಜು ಹಿಡಿದು, ಗೋಡೆ ಹಿಡಿದು ಎದ್ದಿದ್ದೆ, ಅವರ ಕೈಯನ್ನು ಮಾತ್ರ ಹಿಡಿದಿರಲಿಲ್ಲ. ಅವತ್ತು ನನ್ನ ಪೂರ್ತಿ ಭಾರವನ್ನು ಅದರ ಮೇಲೆ ಬಿಟ್ಟೆ. ಅವರು ಒಂದು ಕ್ಷಣ ವಾಲಿದರು, ಕಾಲು ಅಗಲಿಸಿ ನಿಂತುಕೊಂಡರು, ನನ್ನನ್ನು ಎಬ್ಬಿಸಿದರು.